ಈ ವಾರದ ಸಮಸ್ಯೆ: ನೆರಳ ಕೊಟ್ಟವ ನಾಗದೇವರ ನೆರಳ ಕಸಿದವನು

ಪಡುಬಿದ್ರಿ ಅಕ್ಕ: ನಾಗರ ಪಂಚಮಿ ಹತ್ತಿರ ಬಂತು. ಮೇಲಿನದ್ದು ಕೊನೆಯ ಸಾಲು, ಮೊದಲಿನ ಐದು ಸಾಲು ಭಾಮಿನಿ ಷಟ್ಪದಿಯಲ್ಲಿ ತುಂಬಿಸಿ. ಬರೀ ಸ್ತುತಿ ಬೇಡ, ನೆರಳು ಕೊಟ್ಟವನೇ ಕಸಿದದ್ದು ಹೇಗೆ ಎಂಬ ಗಂಟು ಬಿಡಿಸಿ ತೋರಿಸಿ.

ಬ್ರಹ್ಮಾವರ ಮಾಷ್ಟ್ರು:
ಸುರಪ ಸುರಿಸಿದ ಮಳೆಯ ತಡೆಯಲು
ಶರದ ಚಪ್ಪರ ಕಟ್ಟಿ ಪಾರ್ಥನು
ಉರಿಗೆ ಖಾಂಡವವನ್ನು ಕೊಟ್ಟನು ಹಸಿವ ತಣಿಸಲಿಕೆ
ಹೊರಗೆ ತಕ್ಷಕನಿರಲು ಬೆಂಕಿಗೆ
ಕರಗಿ ಹೋಯಿತು ಹಸಿರು ಮನೆಯದು
ನೆರಳ ಕೊಟ್ಟವ ನಾಗದೇವರ ನೆರಳ ಕಸಿದವನು

ಮಲ್ಪೆ ಅಣ್ಣ: ಶರದ ಚಪ್ಪರ! ಚೆಂದ ಉಂಟು.

ಕಾರ್ಕಳದ ಹುಡುಗ: ಖಾಂಡವ ವನದಲ್ಲಿದ್ದ ಸರ್ಪ ತಕ್ಷಕನನ್ನು ನಾಗದೇವರು ಎನ್ನಬಹುದಾ ಮಾಷ್ಟ್ರೇ? ಯಾವ ನಾಗಬನದಲ್ಲಿ ಅವನಿಗೆ ತಂಬಿಲದ ಪೂಜೆ ಕೊಡುತ್ತಾರೆ?

ಬ್ರಹ್ಮಾವರ ಮಾಷ್ಟ್ರು: ಅನಂತ, ವಾಸುಕಿಯ ಜತೆಗೇ ಅವನ ಹೆಸರೂ ಬರುತ್ತದೆ. ಅಷ್ಟು ಸಾಕು. ನಿನ್ನ ಪದ್ಯ ಎಲ್ಲಿ? ಹೋದ ಸಲದ ಹಾಗೆ ಮೂರು ಸಾಲು ಬರೆದು ಓಡಬೇಡ.

ಕಾರ್ಕಳದ ಹುಡುಗ: ತಗೊಳ್ಳಿ, ಆರೂ ಉಂಟು. ನಮ್ಮ ಕುಟುಂಬದ ಬನ ನೋಡಿ ಬರೆದದ್ದು.
ಮರದ ಬನವನು ಕಡಿದು ಸುತ್ತಲು
ಕರಿಯ ಕಲ್ಲನು ಹಾಸಿ ಮೇಲಕೆ
ಸರಳು ಸಿಮೆಂಟು ಹಾಕಿ ಕಟ್ಟಿದ ಹೊಸತು ಗುಡಿಯೊಂದ
ಹರಕೆ ಸಂದಿತೆನುತ್ತ ಹಿಗ್ಗಿದ
ಒರತೆ ಬತ್ತಿತು ಹಕ್ಕಿ ಹಾರಿತು
ನೆರಳ ಕೊಟ್ಟವ ನಾಗದೇವರ ನೆರಳ ಕಸಿದವನು

ಬ್ರಹ್ಮಾವರ ಮಾಷ್ಟ್ರು: 'ಸಿಮೆಂಟು' ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ. ಯಕ್ಷಗಾನದ ಭಾಗವತರ ಬಾಯಲ್ಲಿ ಹೇಳಿಸಿ ನೋಡು, ಮುಗ್ಗರಿಸುತ್ತದೆ. 'ಗಾರೆಯ' ಹಾಕು.

ಕಾರ್ಕಳದ ಹುಡುಗ: ಗಾರೆ ಅಂದರೆ ಸುಣ್ಣದ ಕಾಲದ್ದು. ಬನದ ಮೇಲೆ ಬಿದ್ದಿರುವುದು ಸಿಮೆಂಟೇ. ಛಂದಸ್ಸಿನ ನಡಿಗೆಗೋಸ್ಕರ ಸುಳ್ಳು ಬರೆಯಲಾ?

ಬ್ರಹ್ಮಾವರ ಮಾಷ್ಟ್ರು: ಸತ್ಯ ಹೇಳುವುದಾದರೆ ಗದ್ಯ ಬರೆ ಮಾರಾಯ.

ಪಡುಬಿದ್ರಿ ಅಕ್ಕ: 'ಸರಳು ಕಾಂಕ್ರಿಟು ಹಾಕಿ ಕಟ್ಟಿದ' ಆಗ್ತದಲ್ಲ?

ಬ್ರಹ್ಮಾವರ ಮಾಷ್ಟ್ರು: 'ಕಾಂಕ್ರೀಟು' ಎಂಬಲ್ಲಿ ದೀರ್ಘ ನುಂಗಿದಿರಿ ಅಕ್ಕ.

ಕಾರ್ಕಳದ ಹುಡುಗ: ನಮ್ಮ ಮೇಸ್ತ್ರಿ ಹೇಳುವುದು ಕಾಂಕ್ರಿಟು ಅಂತಲೇ. ಅಕ್ಕ ತಿದ್ದಿದ ಪಾಠ ಇಟ್ಟುಕೊಂಡೆ.

ಮಲ್ಪೆ ಅಣ್ಣ: ನೀವಿಬ್ಬರೂ ಅಕ್ಷರ ಎಣಿಸುತ್ತಾ ಇರಿ. ಹುಡುಗನ ಐದನೇ ಸಾಲು ಯಾರೂ ನೋಡಲಿಲ್ಲ. ನನ್ನ ಅಜ್ಜಿ ಬನದಿಂದ ಒಣಕಡ್ಡಿಯನ್ನೂ ಒಲೆಗೆ ತರಲು ಬಿಡುತ್ತಿರಲಿಲ್ಲ. ಹೆದರಿಕೆ ಅನ್ನಿ, ಭಕ್ತಿ ಅನ್ನಿ, ರೆಂಜೆ, ಹೊನ್ನೆ, ಬೈನೆ, ಬೆತ್ತ ಉಳಿದದ್ದು ಅದರಿಂದಲೇ. ತರಗೆಲೆ ಕೊಳೆತು ನೆಲ ಮೆತ್ತಗಿರುತ್ತದೆ. ಮಳೆನೀರು ಅಲ್ಲೇ ಇಂಗಿ ಪಕ್ಕದ ಬಾವಿಗೆ ಬರುತ್ತದೆ. ಹುತ್ತದಲ್ಲಿ ಹಾವು ಇದ್ದರೆ ಗದ್ದೆಯ ಇಲಿಗೆ ಅಂಕೆ. ಈಗ ಕಲ್ಲು ಹಾಸಿದ ಕಟ್ಟೆಯ ಮೇಲೆ ಪಂಚಮಿಗೆ ಕೊಡಗಟ್ಟಲೆ ಹಾಲು ಸುರಿಯುತ್ತೇವೆ. ಹಾವು ಹಾಲು ಕುಡಿಯುವ ಪ್ರಾಣಿಯೇ ಅಲ್ಲ. ಅದಕ್ಕೆ ಬೇಕಾದ ಪೊದೆ ಸವರಿ ಹಾಲು ಕೊಟ್ಟರೆ ನಾಗ ಒಪ್ಪುತ್ತಾನಾ?

ಬ್ರಹ್ಮಾವರ ಮಾಷ್ಟ್ರು: ಅದಕ್ಕೆ ನನ್ನ ತಕರಾರಿಲ್ಲ. ಬನ ಜೀರ್ಣೋದ್ಧಾರ ಎಂದು ರಶೀದಿ ಪುಸ್ತಕ ಹಿಡಿದು ಬಂದವರಿಗೆ ನಾನು ದುಡ್ಡು ಕೊಡುವುದಿಲ್ಲ. ಸುರಗಿ ಗಿಡ ಕೊಡುತ್ತೇನೆ, ನೆಡಿ ಅನ್ನುತ್ತೇನೆ.

ಬೆಳ್ತಂಗಡಿಯವ: ಭಕ್ತಿಯಿಂದ ಉಳಿದದ್ದು ನೋಡಲು ನಮ್ಮ ತಾಲೂಕಿನ ಶಿಶಿಲಕ್ಕೆ ಬನ್ನಿ ಒಮ್ಮೆ. ದೇವಸ್ಥಾನದ ಹತ್ತಿರ ಕಪಿಲಾ ಹೊಳೆಯಲ್ಲಿ ಅಕ್ಕಿ ಹಾಕಿದರೆ ದೊಡ್ಡ ದೊಡ್ಡ ಮೀನು ಮೆಟ್ಟಿಲ ಬುಡಕ್ಕೇ ಬರುತ್ತವೆ. ದೇವರ ಮೀನು ಎಂದು ಗಾಳ ಹಾಕುವುದಿಲ್ಲ. 1996ರಲ್ಲಿ ಯಾರೋ ವಿಷ ಹಾಕಿದರು. ಸತ್ತ ಮೀನುಗಳ ನೆನಪಿಗೆ ಅಲ್ಲಿ ಸ್ಮಾರಕ ಉಂಟು.

ಮಲ್ಪೆ ಅಣ್ಣ: ಮೀನು ಹಿಡಿಯುವ ಮನೆಯವನೇ ನಾನು. ಆ ಹೊಳೆಯಲ್ಲಿ ಮಾತ್ರ ಕೈ ಮುಗಿಯುತ್ತೇನೆ.

ಪಡುಬಿದ್ರಿ ಅಕ್ಕ: ಎರಡೂ ಪದ್ಯ ಪಾಸ್. ಹೆಚ್ಚು ಅಂಕ ಹುಡುಗನಿಗೆ.

ಬ್ರಹ್ಮಾವರ ಮಾಷ್ಟ್ರು: ಕಾಂಕ್ರಿಟಿಗೆ ಅಂಕವಾ! ಆಯ್ತು, ಮುಂದಿನದ್ದು ಹಾಕಿ.

ಪಡುಬಿದ್ರಿ ಅಕ್ಕ: ತುಳುನಾಡಿನ ಭೂಮಿಪೂಜೆಯ ಹಬ್ಬ ಕೆಡ್ಡಸದ ಮೇಲೆ. ಭೂಮಿ ತಾಯಿ ಮುಟ್ಟಾದ ಆ ಮೂರು ದಿನ ನೆಲ ಅಗೆಯುವುದಿಲ್ಲ, ಗೊತ್ತಲ್ಲ? 'ನೇಗಿಲೆತ್ತದ ದಿನವೆ ಗದ್ದೆಗೆ ಬೆಳೆಯು ಮೊದಲಾಯ್ತು.'

ಬ್ರಹ್ಮಾವರ ಮಾಷ್ಟ್ರು: ಎರಡನೇ ಅಕ್ಷರ ಗಕಾರ ಬರುವ ಪ್ರಾಸದಲ್ಲಿ ಆರು ಸಾಲು. ಹುಡುಗಾ, ಟ್ರಾಕ್ಟರು ತರಬೇಡ ಮತ್ತೆ.