ಪದ ಬೇಕು (ತುರ್ತು): ತೇಲುವ ಮಂಜುಗಡ್ಡೆಯಲ್ಲಿ ಸಾಗುವ ಅಲೆಗೆ ಏನನ್ನೋಣ?

ಗೆಳೆಯರೆ,

ವಿಜ್ಞಾನ ಪ್ರದರ್ಶನವೊಂದರ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು.

ವಿಷಯ ಇದು. ಧ್ರುವದ ಕಡಲಲ್ಲಿ ಮಂಜುಗಡ್ಡೆ ತೇಲುತ್ತಿದೆ. ಅದರ ಕೆಳಗೆ ಕರಗಿದ ಸಿಹಿನೀರಿನ ಪದರ, ಅದಕ್ಕೂ ಕೆಳಗೆ ಭಾರವಾದ ಉಪ್ಪುನೀರು. ಇಲ್ಲಿ ಒಂದೇ ಆವರ್ತನಕ್ಕೆ ಎರಡು ಬಗೆಯ ಅಲೆ ಸಾಗಬಲ್ಲವು. ಒಂದರಲ್ಲಿ ಮಂಜುಗಡ್ಡೆಯೇ ಬಾಗುತ್ತದೆ. ಇನ್ನೊಂದು ಎರಡು ನೀರುಗಳ ಗಡಿಯಲ್ಲಿ ನಿಧಾನವಾಗಿ ಹೋಗುತ್ತದೆ. ಅದರಿಂದ ಮೇಲಿನ ಮಂಜು ಅಷ್ಟಾಗಿ ಅಲುಗುವುದಿಲ್ಲ.

ನಾನು ಬರೆದದ್ದು: ‘ಸ್ಥಿತಿಸ್ಥಾಪಕ ಫಲಕದಲ್ಲಿ ನಮ್ಯ-ಗುರುತ್ವ ತರಂಗಗಳ ಪ್ರಸರಣ’. ಓದುವವರು ಹೈಸ್ಕೂಲ್ ಮಕ್ಕಳು. ಬೇರೆ ದಾರಿ ಇದೆಯೇ?

ಮರುಓಲೆ 1

ಫಲಕ ಬೇಡ, ಹಲಗೆ ಎನ್ನಿ. ಅಚ್ಚಗನ್ನಡ. ತರಂಗ ಯಾಕೆ, ಅಲೆ ಇಲ್ಲವೇ? ಬಾಗು + ಅಲೆ = ಬಾಗಲೆ. ಮುಗಿಯಿತು. ಸಾಲದ ಪದ ಹೊತ್ತದ್ದು ಸಾಕು.

ಮರುಓಲೆ 2

ಮುಗಿದಿಲ್ಲ ಸಾರ್. ಹಲಗೆ ಅಚ್ಚಗನ್ನಡ ಅಲ್ಲ. ಫಲಕವೇ ಪಲಗೆಯಾಗಿ, ಆಮೇಲೆ ಹಲಗೆಯಾಯಿತು. ಪಕಾರ ಹಕಾರವಾದ ಮಾತ್ರಕ್ಕೆ ಪದ ನಮ್ಮದೆಂದು ಹೇಳಲಾಗದು. ಸಾಲದ ಪದವೂ ಅದೇ ದಾರಿಯಲ್ಲಿ ಬಂದಿದೆ.

ಹಲಗೆ ಬೇಡ ಎನ್ನಲು ನನ್ನ ಕಾರಣ ಬೇರೆ. ಹಲಗೆ ಎಂದರೆ ಬಾಗದ ಮರ ಕಣ್ಣಿಗೆ ಬರುತ್ತದೆ. ಇಲ್ಲಿ ಬಾಗುವುದೇ ಮುಖ್ಯ. ಹಾಳೆ ಎನ್ನಿ. ಪಾಳೆ, ಹಾಳೆ: ಅಡಿಕೆಯ ಹಾಳೆಯನ್ನು ಬಾಗಿಸಿ ಬಿಟ್ಟರೆ ಮತ್ತೆ ಹಿಂದಕ್ಕೆ ಬರುತ್ತದೆ. ಸ್ಥಿತಿಸ್ಥಾಪಕ ಅಂದರೆ ಅಷ್ಟೇ ಅಲ್ವಾ? ಆದರೆ ಪೊರೆ ಎನ್ನಬೇಡಿ. ಪೊರೆಗೆ ಬಿಗಿದು ಎಳೆದಾಗಷ್ಟೇ ಬಲ. ಹಾಳೆಗೆ ಬಾಗುವುದನ್ನು ತಡೆಯುವ ಬಿರುಸು ಇದೆ. ದಪ್ಪ ಎರಡರಷ್ಟಾದರೆ ಆ ಬಿರುಸು ಎಂಟರಷ್ಟಾಗುತ್ತದೆ.

‘ಬಾಗಲೆ’ ಕೇಳಿದರೆ ಯಾರೋ ‘ಬಗ್ಗಲೇ?’ ಎಂದು ಕೇಳಿದಂತಿದೆ. ಅರ್ಧ ಭೌತಶಾಸ್ತ್ರವೂ ಅದರಲ್ಲಿ ಬಿಟ್ಟುಹೋಗಿದೆ. ಉದ್ದದ ಅಲೆಯನ್ನು ಮತ್ತೆ ಸಮಕ್ಕೆ ತರುವುದು ಗುರುತ್ವ, ಗಿಡ್ಡ ಅಲೆಯಲ್ಲಿ ಹಾಳೆಯ ಬಿರುಸು. ಹೆಸರಿನಲ್ಲಿ ಎರಡೂ ಇರಬೇಕು: ಬಾಗು-ಗುರುತ್ವ ಅಲೆ.

ಪ್ರಸರಣಕ್ಕೆ ‘ಸಾಗುವುದು’ ಸಾಕು. ‘ಹರಡುವುದು’ ಬೇಡ. ಈ ಅಲೆಗಳ ವೇಗ ಅವುಗಳ ಉದ್ದದ ಮೇಲೆ ನಿಂತಿದೆ, ಹಾಗಾಗಿ ಒಟ್ಟಿಗೆ ಹೊರಟವು ದೂರ ಹೋದಂತೆ ಚದುರುತ್ತವೆ. ಆ ಗುಣಕ್ಕೂ ಒಂದು ಪದ ಉಳಿಸಿಕೊಳ್ಳಬೇಕು.

ಮರುಓಲೆ 3

ಬಾಗು-ಗುರುತ್ವ ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ಸಮಾಸ. ತಪ್ಪು.

ಮರುಓಲೆ 4 (ಮರುಓಲೆ 2 ಬರೆದವನಿಂದ)

ಬಿರುದಾವಳಿಗೂ ಹಿಂದಿನವರ ಪ್ರಯೋಗಕ್ಕೂ ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ಕಾವ್ಯಕ್ಕೇ ಸಿಕ್ಕಿದ್ದು ವಿಜ್ಞಾನಕ್ಕೆ ಬೇಡವೇ? ಗುರುತ್ವ ಎಲ್ಲ ಮಕ್ಕಳಿಗೂ ಗೊತ್ತು. ಅದನ್ನು ಕಿತ್ತು ಸುಮ್ನೆ ಹೊಸದನ್ನು ಕಟ್ಟುವುದು ಓದುಗನಿಗೆ ಮಾಡುವ ಅನ್ಯಾಯ. ಸಾಲ ತಂದ ಪದ ದುಡಿಯುತ್ತಿದ್ದರೆ ದುಡಿಯಲಿ ಬಿಡಿ.

ನೀರುಗಳ ಗಡಿಯಲ್ಲಿ ಸಾಗುವ ಎರಡನೆಯ ಅಲೆಗೆ ‘ಒಳ ಅಲೆ’. ಸಂಧಿ ಮಾಡಬೇಡಿ. ಇದನ್ನು ಮಕ್ಕಳಿಗೆ ತಿಳಿಸಲು ಒಳ್ಳೆಯ ಕತೆಯೂ ಇದೆ. 1893ರಲ್ಲಿ ನಾರ್ವೆಯ ಧ್ರುವಾನ್ವೇಷಕ ನಾನ್ಸೆನ್ನನ ‘ಫ್ರಾಮ್’ ಹಡಗು ಇಂಥ ಎರಡು ಪದರದ ನೀರಿನಲ್ಲಿ ಮುಂದೆ ಹೋಗಲಾರದೆ ತಿಣುಕಿತು. ಹಡಗಿನ ಶಕ್ತಿ ಒಳ ಅಲೆಗಳನ್ನು ಎಬ್ಬಿಸುವುದರಲ್ಲೇ ಖರ್ಚಾಗುತ್ತದೆ ಎಂದು ಸ್ವೀಡನ್ನಿನ ಕಡಲ ವಿಜ್ಞಾನಿ ಎಕ್ಮನ್ 1904ರಲ್ಲಿ ವಿವರಿಸಿದ. ನಾರ್ವೆಯ ನಾವಿಕರು ಅದನ್ನು ‘ಸತ್ತ ನೀರು’ ಎನ್ನುತ್ತಿದ್ದರು. ಎಷ್ಟು ಸಲೀಸಾದ ಮಾತು ನೋಡಿ.

ಮರುಓಲೆ 5

ಪ್ರಶ್ನೆ ಕೇಳಿದವಳು ನಾನೇ. ಎಲ್ಲರಿಗೂ ನಮಸ್ಕಾರ. ಅಚ್ಚಿಗೆ ಕಳಿಸುತ್ತಿರುವ ಸಾಲು: ‘ತೇಲುವ ಮಂಜಿನ ಹಾಳೆಯಲ್ಲಿ ಬಾಗು-ಗುರುತ್ವ ಅಲೆ ಸಾಗುತ್ತದೆ. ಕೆಳಗೆ, ಎರಡು ನೀರುಗಳ ಗಡಿಯಲ್ಲಿ, ಒಳ ಅಲೆ ಸಾಗುತ್ತದೆ.’ ಅರಿಸಮಾಸದ ಜಗಳ ಬೇರೆ ಓಲೆಯಲ್ಲಿ ಮುಂದುವರಿಸಿ. ಇದಕ್ಕಿಂತ ಒಳ್ಳೆಯ ಪದ ಇದ್ದರೆ ನಾಳೆ ಮಧ್ಯಾಹ್ನದೊಳಗೆ ಹೇಳಿ.