ಕೊನೆಯ ಪೀರಿಯಡ್ ಓದಿಗೆ ಬಿಟ್ಟರೆ ಹೇಗೆ?

ಗಣಿತದ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ದಾವಣಗೆರೆ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿದ್ದೇನೆ. ಜೂನ್‌ನಿಂದ ನಡೆಯಬೇಕಾದ ಟೈಮ್‌ಟೇಬಲ್ ಮಾಡುವ ಕೆಲಸ ಈ ಸಲ ನನ್ನ ತಲೆಗೆ ಬಿದ್ದಿದೆ. ಎಚ್.ಎಂ. ಹೇಳಿದ್ದು ಒಂದೇ ಮಾತು: ಹತ್ತನೇ ಕ್ಲಾಸಿಗೆ ದಿನಾ ಒಂದು ಸ್ಟಡಿ ಪೀರಿಯಡ್ ಇರಲಿ, ಮಕ್ಕಳು ತಾವೇ ಓದಲಿ, ಒಬ್ಬ ಟೀಚರ್ ನೋಡಿಕೊಳ್ಳಲಿ.

ಹೇಳುವುದು ಸುಲಭ. ನಮ್ಮಲ್ಲಿ ಸೋಮವಾರದಿಂದ ಶುಕ್ರವಾರ ದಿನಕ್ಕೆ 8 ಪೀರಿಯಡ್, ಶನಿವಾರ 5. ಒಟ್ಟು 45, ಒಂದೊಂದು 40 ನಿಮಿಷ. ಕನ್ನಡ 6, ಇಂಗ್ಲಿಷ್ 6, ಹಿಂದಿ 5, ಗಣಿತ 7, ವಿಜ್ಞಾನ 7, ಸಮಾಜ 6. ಅಲ್ಲಿಗೇ 37 ಆಯಿತು. ಪಿಟಿ 3. ಗ್ರಂಥಾಲಯ, ಕಂಪ್ಯೂಟರ್, ಚಿತ್ರಕಲೆ, ಮೌಲ್ಯ ಶಿಕ್ಷಣ ಒಂದೊಂದು. ಉಳಿಯುವುದು ಒಂದೇ ಒಂದು. ಬೇಕಾಗಿರುವುದು ಐದು.

ನಾನು ಯೋಚಿಸಿದ್ದು ಹೀಗೆ. ಪಿಟಿಯಿಂದ ಎರಡು, ಗ್ರಂಥಾಲಯ ಒಂದು, ಮೌಲ್ಯ ಶಿಕ್ಷಣ ಒಂದು, ಉಳಿದಿರುವ ಒಂದು. ಐದೂ ಎಂಟನೇ ಪೀರಿಯಡ್‌ಗೆ. ಪಾಠ ಎಲ್ಲ ಮುಗಿದ ಮೇಲೆ ಕೂತು ಓದುತ್ತಾರೆ, ಮನೆಗೆ ಹೋಗುತ್ತಾರೆ. ಬೇರೆ ಶಾಲೆಗಳಲ್ಲಿ ಹೇಗಿದೆ? ಅನುಭವ ಇದ್ದವರು ಹೇಳಿ.

ಸೀಟಿ ಸರ್:
ನಾನು ಪಿಟಿ ಮೇಷ್ಟ್ರು. ಓದುತ್ತಾ ಬಂದೆ, ‘ಪಿಟಿಯಿಂದ ಎರಡು’ ಅನ್ನುವ ಕಡೆ ನಿಂತುಬಿಟ್ಟೆ. ಶಾಲೆಯಲ್ಲಿ ಏನೇ ಹೊಸದು ಬಂದರೂ ಮೊದಲ ಬಲಿ ನಾವೇ ಅಲ್ವಾ? ಮಳೆ ಬಂದರೆ ಪಿಟಿ ಇಲ್ಲ. ಪೋರ್ಷನ್ ಮುಗಿಯದಿದ್ದರೆ ಪಿಟಿ ಇಲ್ಲ. ಜನವರಿಯಿಂದ ಹತ್ತನೇ ಕ್ಲಾಸಿನವರು ಗ್ರೌಂಡಿನ ಮುಖವನ್ನೇ ನೋಡುವುದಿಲ್ಲ. ಈಗ ಜೂನ್‌ನಿಂದಲೇ ಶುರು ಮಾಡುತ್ತಿದ್ದೀರಿ.

ಗಣಿತದ ಮೇಷ್ಟ್ರು:
ಬೇಜಾರು ಮಾಡಿಕೊಳ್ಳಬೇಡಿ ಸರ್. ಒಂದು ಪೀರಿಯಡ್ ಉಳಿಸಿದ್ದೇನೆ.

ಸೀಟಿ ಸರ್:
ದೊಡ್ಡ ಉಪಕಾರ.

ತೀರ್ಥಹಳ್ಳಿ ಅಮ್ಮ:
ನಾನು ಟೀಚರ್ ಅಲ್ಲ. ಮಗಳು ಒಂಬತ್ತನೇ ಕ್ಲಾಸು. ಒಂದು ವಿಷಯ ಹೇಳಲೇಬೇಕು ಅನ್ನಿಸಿತು. ಶಾಲೆಯಲ್ಲೇ ಓದಿಸುವ ವಿಚಾರಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಮನೆಗೆ ಬಂದ ಮೇಲೆ ಓದುವುದು ಎಲ್ಲಿ? ಅವಳು ಬರುವಷ್ಟರಲ್ಲಿ ಆರು ಗಂಟೆ. ಹಾಲು ಕರೆಯುವ ಹೊತ್ತು. ಅಡಿಕೆ ಸುಲಿಯುವ ದಿನಗಳಲ್ಲಿ ಅಂಗಳದ ತುಂಬ ಜನ, ಮಾತು, ಲೈಟು. ತಮ್ಮನಿಗೆ ಲೆಕ್ಕ ಹೇಳಿಕೊಡುವವಳೂ ಇವಳೇ. ಎಂಟೂವರೆಗೆ ಪುಸ್ತಕ ಹಿಡಿದರೆ ಒಂಬತ್ತಕ್ಕೆ ನಿದ್ದೆ. ಬೈಯಲು ಮನಸ್ಸು ಬರುವುದಿಲ್ಲ.

ಆದರೆ ಕೊನೆಯ ಪೀರಿಯಡ್ ಮಾತ್ರ ಬೇಡ ಸರ್. ನಮ್ಮ ಕಡೆ ಬಸ್ಸು ಕಾಯುವವರು ಎಷ್ಟು ಮಕ್ಕಳಿದ್ದಾರೆ ಅಂದರೆ, ಕೊನೆಯ 20 ನಿಮಿಷ ಅವರ ಕಿವಿ ರಸ್ತೆಯ ಮೇಲೇ ಇರುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಸಂತೋಷ. ಬಸ್ಸು ತಪ್ಪಿದರೆ ಮುಂದಿನದು ಎರಡು ಗಂಟೆ ಬಿಟ್ಟು. ‘ಓದುವುದು ತಾನೇ, ಪಾಠ ಅಲ್ಲವಲ್ಲ’ ಅಂತ ಮೊದಲು ಎದ್ದು ಹೋಗುವ ಪೀರಿಯಡ್ ಅದೇ ಆಗುತ್ತದೆ.

ಹಳೇ ಎಚ್.ಎಂ.:
ತಾಯಿ ಸರಿಯಾಗಿ ಹೇಳಿದ್ದಾರೆ. ನಾನು ನಿವೃತ್ತನಾಗಿ ಆರು ವರ್ಷ. ಈ ಸ್ಟಡಿ ಪೀರಿಯಡ್ ಹೊಸದೇನಲ್ಲ. ಬೇರೆ ಬೇರೆ ಹೆಸರಲ್ಲಿ ಬಂದು ಹೋಗಿದೆ, ಪ್ರತಿ ಸಲವೂ ಒಂದೇ ರೀತಿ ಸತ್ತಿದೆ. ಹೇಗೆ ಅಂತ ಹೇಳುತ್ತೇನೆ ಕೇಳಿ.

ಜೂನ್, ಜುಲೈ ಚೆನ್ನಾಗಿ ನಡೆಯುತ್ತದೆ. ಆಗಸ್ಟ್‌ನಲ್ಲಿ ಯಾರೋ ಒಬ್ಬರು ತರಬೇತಿಗೆ ಹೋಗುತ್ತಾರೆ, ಇನ್ನೊಬ್ಬರು ರಜೆ. ಆ ಕ್ಲಾಸುಗಳನ್ನು ಹಂಚುವಾಗ ಸ್ಟಡಿ ಪೀರಿಯಡ್‌ನ ಟೀಚರನ್ನು ಎತ್ತಿ ಬೇರೆ ಕ್ಲಾಸಿಗೆ ಹಾಕುತ್ತೇವೆ. ‘ಹತ್ತನೇ ಕ್ಲಾಸಿನವರು ದೊಡ್ಡವರು, ಲೀಡರ್ ನೋಡಿಕೊಳ್ಳುತ್ತಾನೆ.’ ಅಲ್ಲಿಗೆ ಮೇಲ್ವಿಚಾರಣೆ ಮುಗಿಯಿತು. ದಸರೆ ರಜೆ ಮುಗಿದ ಮೇಲೆ ಸಮಾಜದವರು ಬಂದು, ‘ಸಾರ್, ಪೋರ್ಷನ್ ಹಿಂದಿದೆ, ಇದೊಂದು ವಾರ ಕೊಡಿ’ ಅನ್ನುತ್ತಾರೆ. ಕೊಟ್ಟ ಮೇಲೆ ವಿಜ್ಞಾನದವರು ಸುಮ್ಮನಿರುತ್ತಾರಾ? ಡಿಸೆಂಬರ್ ಹೊತ್ತಿಗೆ ಟೈಮ್‌ಟೇಬಲ್‌ನಲ್ಲಿ ಹೆಸರಿದೆ, ಕ್ಲಾಸಿನಲ್ಲಿ ಪಾಠ ನಡೆಯುತ್ತಿದೆ.

ಕೊನೆಯ ಎರಡು ವರ್ಷ ನಾನು ಒಂದು ನಿಯಮ ಮಾಡಿದ್ದೆ. ಆ ಪೀರಿಯಡ್‌ನಲ್ಲಿ ಯಾರೂ ಸೀಮೆಸುಣ್ಣ ಮುಟ್ಟುವ ಹಾಗಿಲ್ಲ. ಡಬ್ಬಿಯನ್ನು ಆಫೀಸಿನಲ್ಲಿ ಇಟ್ಟೇ ಹೋಗಬೇಕು. ಸ್ಟಾಫ್ ರೂಮಿನಲ್ಲಿ ನಕ್ಕರು. ಆದರೆ ಸುಣ್ಣ ಕೈಯಲ್ಲಿದ್ದರೆ ಮೇಷ್ಟ್ರಿಗೆ ಬೋರ್ಡ್ ಕಡೆ ತಿರುಗದೇ ಇರಲು ಆಗುವುದಿಲ್ಲ, ಇದು ನನ್ನ 31 ವರ್ಷದ ಅನುಭವ.

ನವೋದಯದ ಹಳಬ:
ಸೀಮೆಸುಣ್ಣದ ನಿಯಮ ಸೂಪರ್ ಸರ್.

ನಾನು ಆರನೇ ಕ್ಲಾಸಿಗೆ ನವೋದಯ ಸೇರಿದವನು. ನೀಲಗಿರಿ ಹೌಸ್. ಅಲ್ಲಿ ಮೇಲ್ವಿಚಾರಣೆಯ ಓದು ದಿನಚರಿಯ ಒಂದು ಭಾಗ. ಊಟ, ನಿದ್ದೆ ಇದ್ದ ಹಾಗೆ ಅದೂ ಒಂದು. ಆದರೆ ಗಮನಿಸಿ, ಮೊದಲು ಗ್ರೌಂಡು. ಸಂಜೆ ಆಡಿ, ಬೆವರಿ, ಕೈಕಾಲು ತೊಳೆದು ಬಂದ ಮೇಲೆ ಓದು. ಇಡೀ ದಿನ ಬೆಂಚಿನ ಮೇಲೆ ಕೂತ ಹುಡುಗನನ್ನು ಅದೇ ಬೆಂಚಿನ ಮೇಲೆ ಇನ್ನೂ 40 ನಿಮಿಷ ಕೂರಿಸುವುದಕ್ಕೂ ಇದಕ್ಕೂ ಅಜಗಜಾಂತರ. ಸೀಟಿ ಸರ್ ಪೀರಿಯಡ್ ಕಿತ್ತುಕೊಂಡು ಓದಿಗೆ ಕೊಟ್ಟರೆ ಎರಡೂ ಕೆಡುತ್ತವೆ.

ಇನ್ನೊಂದು. ನಮ್ಮ ಇಂಗ್ಲಿಷ್ ಮೇಡಂ ಡ್ಯೂಟಿ ಇದ್ದ ದಿನ ಅವರೂ ಒಂದು ಪುಸ್ತಕ ತಂದು ಓದುತ್ತಿದ್ದರು. ಅವತ್ತು ಹಾಲ್ ತಣ್ಣಗಿರುತ್ತಿತ್ತು. ಬೆತ್ತ ಹಿಡಿದು ಓಡಾಡುವವರ ದಿನ ನಾವು ಓದುವ ನಾಟಕ ಮಾಡುತ್ತಿದ್ದೆವು.

ಗಣಿತದ ಮೇಷ್ಟ್ರು:
ಅದು ವಸತಿ ಶಾಲೆ. ಮಕ್ಕಳು ಅಲ್ಲೇ ಇರುತ್ತಾರೆ, ಸಂಜೆ ಸಮಯ ಸಿಗುತ್ತದೆ. ಮೊರಾರ್ಜಿ ದೇಸಾಯಿ ಶಾಲೆಗಳಿಗೂ ಅದೇ ಅನುಕೂಲ. ನಮಗೆ ಬೆಲ್ ಹೊಡೆದರೆ ಖಾಲಿ.

ನವೋದಯದ ಹಳಬ:
ಒಪ್ಪಿದೆ. ಸಮಯ ಇಲ್ಲ ನಿಜ. ಸಾಲದ್ದಕ್ಕೆ ಆಟದಿಂದ ತರಬೇಡಿ ಅಂದೆ, ಅಷ್ಟೇ.

ಬೆಂಗಳೂರಿನ ಅಪ್ಪ:
ನಮ್ಮ ಹುಡುಗನ ಖಾಸಗಿ ಶಾಲೆಯಲ್ಲಿ ಇದಕ್ಕೆ ಬೇರೆ ಫೀಸು. ಶಾಲೆ ಮುಗಿದ ಮೇಲೆ ಒಂದೂವರೆ ಗಂಟೆ. ಒಂದು ವರ್ಷ ಕಟ್ಟಿದೆ. ಒಮ್ಮೆ ಬೇಗ ಕರೆದುಕೊಂಡು ಬರಲು ಹೋದಾಗ ನೋಡಿದರೆ, 60 ಮಕ್ಕಳು ಒಂದು ಹಾಲ್‌ನಲ್ಲಿ, ಹೊಸದಾಗಿ ಸೇರಿದ ಒಬ್ಬ ಟೀಚರ್ ಬಾಗಿಲ ಬಳಿ. ನನ್ನ ಮಗ ಪ್ರಾಜೆಕ್ಟ್‌ಗೆ ಚಿತ್ರ ಅಂಟಿಸುತ್ತಿದ್ದ. ಮುಂದಿನ ವರ್ಷ ಕಟ್ಟಲಿಲ್ಲ.

ಮಂಡ್ಯ ವಿಜ್ಞಾನ ಟೀಚರ್:
ಅಂಟಿಸುವ ವಿಷಯ ಬಂತಲ್ಲ, ಅದನ್ನೇ ಹೇಳಬೇಕು ಅಂತಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ 80 ಬರಹದ ಪರೀಕ್ಷೆಗೆ, 20 ಆಂತರಿಕ ಅಂಕ. ಆ 20ಕ್ಕಾಗಿ ವರ್ಷದ ನಡುವೆ ನಡೆಯುವ ರೂಪಣಾತ್ಮಕ ಪರೀಕ್ಷೆಗಳು, ಚಟುವಟಿಕೆ, ದಾಖಲೆ. ನಮ್ಮಲ್ಲಿ ಸ್ಟಡಿ ಪೀರಿಯಡ್ ಇಟ್ಟ ವರ್ಷ ಮಕ್ಕಳು ಅದರಲ್ಲಿ ಮಾಡಿದ್ದು ಬರೀ ಇದೇ. ಆರು ವಿಷಯದ ಪುಸ್ತಕ ಬರೆಯುವುದು, ಗೆಳತಿಯದ್ದು ನೋಡಿ ನಕಲು ಮಾಡುವುದು. ಟೀಚರ್ ಕೂಡ ಅಲ್ಲೇ ಕೂತು ತಮ್ಮ ತಿದ್ದುವ ಪುಸ್ತಕ ತಿದ್ದುತ್ತಿದ್ದರು. ನಾನೂ ತಿದ್ದಿದ್ದೇನೆ, ಸುಳ್ಳು ಯಾಕೆ ಹೇಳಲಿ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಎಂಟನೇ ಕ್ಲಾಸಿನವರೆಗಿನ ಶಿಕ್ಷಕರಿಗೆ ವಾರಕ್ಕೆ 45 ಗಂಟೆ ಕೆಲಸ, ಅದರಲ್ಲಿ ತಯಾರಿಯೂ ಸೇರಿದೆ ಅಂತ ಬರೆದಿದ್ದಾರೆ. ಆ ತಯಾರಿಯ ಹೊತ್ತು ಟೈಮ್‌ಟೇಬಲ್‌ನಲ್ಲಿ ಎಲ್ಲಿದೆ ತೋರಿಸಿ. ಸಿಗದಿದ್ದಾಗ ಸ್ಟಡಿ ಪೀರಿಯಡ್ಡೇ ನಮ್ಮ ತಯಾರಿಯ ಹೊತ್ತಾಗುತ್ತದೆ.

ಇನ್ನು ‘ಓದು’ ಅಂದರೆ ಏನು ಅಂತ ಯಾರೂ ಕೇಳಲೇ ಇಲ್ಲ. ಮಕ್ಕಳಿಗೆ ಓದು ಅಂದರೆ ಪುಟದ ಮೇಲೆ ಕಣ್ಣಾಡಿಸುವುದು. ನಾಲ್ಕು ಸಲ ಓದಿದರೆ ಬಂತು ಅನ್ನಿಸುತ್ತದೆ. 2006ರಲ್ಲಿ ಅಮೆರಿಕದ ರೋಡಿಗರ್, ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದರ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ಹುಡುಗರಿಗೆ ಸಣ್ಣ ಸಣ್ಣ ಪಾಠ ಕೊಟ್ಟರು. ಕೆಲವರು ಮತ್ತೆ ಮತ್ತೆ ಓದಿದರು. ಕೆಲವರು ಓದಿ, ಪುಟ ಮುಚ್ಚಿ, ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಬರೆದವರು ಮುಂದೆ.

ಅದಕ್ಕೇ ನಾನು ಈಗ ಹೀಗೆ ಮಾಡುತ್ತೇನೆ. 15 ನಿಮಿಷ ಓದು. ಪುಸ್ತಕ ಚೀಲಕ್ಕೆ. 15 ನಿಮಿಷ ಖಾಲಿ ಹಾಳೆಯಲ್ಲಿ ಬರೆಯುವುದು, ಚಿತ್ರವಾದರೂ ಸರಿ. ಕೊನೆಗೆ ಪುಸ್ತಕ ತೆಗೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸುವುದು. ಮೊದಲ ವಾರ ಗೊಣಗಾಟ ಜಾಸ್ತಿ. ಜೀರ್ಣಾಂಗದ ಚಿತ್ರ ಬರೆಯಲು ಹೋಗಿ ಯಕೃತ್ತನ್ನೇ ಮರೆತ ಹುಡುಗ, ಬಣ್ಣದ ಪೆನ್ನಿನಲ್ಲಿ ಅದನ್ನು ಒಮ್ಮೆ ತುಂಬಿಸಿದ ಮೇಲೆ ಮತ್ತೆ ಮರೆಯಲಿಲ್ಲ.

ಈಗ ಫಸ್ಟ್ ಪಿಯು:
ನಾನು ಹೋದ ವರ್ಷ ಹತ್ತನೇ ಕ್ಲಾಸು ಮುಗಿಸಿದೆ. ಸ್ಟೂಡೆಂಟ್ ಮಾತನಾಡಬಹುದಾ?

ನಮಗೆ ಕೊನೆಯ ಪೀರಿಯಡ್ ಸ್ಟಡಿ ಇತ್ತು. ಒಂದೇ ಪುಟವನ್ನು 40 ನಿಮಿಷ ನೋಡಿದ್ದೇನೆ. ಲೆಕ್ಕ ಬಾರದಿದ್ದರೆ ಕೇಳೋಣ ಅಂದರೆ ಅವತ್ತು ಕೂತಿರುವುದು ಹಿಂದಿ ಮೇಡಂ. ಅವರು ಪಾಪ, ‘ನಾಳೆ ಸರ್ ಹತ್ತಿರ ಕೇಳು’ ಅನ್ನುತ್ತಿದ್ದರು. ನಾಳೆ ಯಾರು ಕೇಳುತ್ತಾರೆ?

ಗಣಿತ ಪರೀಕ್ಷೆ-1ರಲ್ಲಿ ಫೇಲಾದೆ. ಅದೇ ವರ್ಷ ಮತ್ತೆ ಬರೆಯುವ ಪರೀಕ್ಷೆ-2ಕ್ಕೆ ಮುಂಚೆ ಶಾಲೆಯಲ್ಲಿ ಕರೆಸಿದರು. 11 ಜನ ಇದ್ದೆವು. ಸರ್ ಬೋರ್ಡ್ ಮೇಲೆ ಏನೂ ಮಾಡಲಿಲ್ಲ. ನಾವು ಲೆಕ್ಕ ಮಾಡುತ್ತಿದ್ದೆವು, ಅವರು ಪಕ್ಕ ಬಂದು ಕೂರುತ್ತಿದ್ದರು. ನಾನು ಮೈನಸ್ ಚಿಹ್ನೆ ಆ ಕಡೆ ಒಯ್ಯುವಾಗ ಪ್ರತಿ ಸಲ ತಪ್ಪುತ್ತೇನೆ ಅಂತ ಅವತ್ತು ಗೊತ್ತಾಯಿತು. ಎರಡು ವರ್ಷದಿಂದ ಅದನ್ನೇ ತಪ್ಪುತ್ತಿದ್ದೆ ಅಂತ ಕಾಣುತ್ತದೆ. ಪಾಸಾದೆ.

ತೀರ್ಥಹಳ್ಳಿ ಅಮ್ಮ:
ಖುಷಿಯಾಯಿತು ಕಣಮ್ಮ. ಚೆನ್ನಾಗಿ ಓದು.

ಗಣಿತದ ಮೇಷ್ಟ್ರು:
ಈ ಮೈನಸ್ ಚಿಹ್ನೆ ಮಾತು ನನಗೆ ಚುಚ್ಚಿತು. ನನ್ನ ಕ್ಲಾಸಿನಲ್ಲಿ 52 ಮಕ್ಕಳು. ನಾನು ಬೋರ್ಡ್ ಮೇಲೆ ಸರಿಯಾಗಿ ಮಾಡುತ್ತೇನೆ, ಅವರು ಸರಿಯಾಗಿ ಇಳಿಸಿಕೊಳ್ಳುತ್ತಾರೆ. ತಪ್ಪು ನಡೆಯುವುದು ಮನೆಯಲ್ಲಿ, ನಾನಿಲ್ಲದಾಗ.

ಹಾಗಾದರೆ ಗಣಿತದ ಸ್ಟಡಿಗೆ ಗಣಿತದವನೇ ಬೇಕು. ಆದರೆ ನನಗೆ ಈಗಲೇ ವಾರಕ್ಕೆ 28 ಪೀರಿಯಡ್.

ಹಳೇ ಎಚ್.ಎಂ.:
ಹೊಸ ಪೀರಿಯಡ್ ಯಾಕೆ ಹುಡುಕುತ್ತೀರಿ? ನಿಮಗೆ ಏಳಿದೆಯಲ್ಲ. ಒಂದು ದಿನ ಎರಡನ್ನು ಜೋಡಿ ಮಾಡಿ ಹಾಕಿ. ಮೊದಲ 40 ನಿಮಿಷ ಪಾಠ. ನಂತರದ್ದು ಮಕ್ಕಳದ್ದು. ವಿಜ್ಞಾನಕ್ಕೂ ಹಾಗೇ. ರಜೆ ಹಾಕಿದವರ ಕ್ಲಾಸಿಗೆ ನಿಮ್ಮನ್ನು ಎತ್ತುವ ಹಾಗೂ ಇಲ್ಲ, ಯಾಕೆಂದರೆ ಅದು ನಿಮ್ಮದೇ ಕ್ಲಾಸು.

ಮಂಡ್ಯ ವಿಜ್ಞಾನ ಟೀಚರ್:
ಹೌದು, ಆದರೆ ಬಿಸಿಯೂಟ ಆದ ತಕ್ಷಣದ ಪೀರಿಯಡ್‌ಗೆ ಹಾಕಬೇಡಿ. ಆ ಹೊತ್ತಿಗೆ ಪುಸ್ತಕ ಕೊಟ್ಟರೆ ತಲೆದಿಂಬಾಗುತ್ತದೆ. ಬೆಳಿಗ್ಗೆ ಮೂರು, ನಾಲ್ಕನೇದು ಒಳ್ಳೆಯದು.

ಗಣಿತದ ಮೇಷ್ಟ್ರು:
ಬೆಳಗಿನ ಒಳ್ಳೆಯ ಹೊತ್ತನ್ನು ಸ್ಟಡಿಗೆ ಕೊಟ್ಟರೆ ಪೋರ್ಷನ್? ಏಳರಲ್ಲಿ ಒಂದು ಹೋದರೆ ವರ್ಷಕ್ಕೆ 30ಕ್ಕೂ ಜಾಸ್ತಿ ಪೀರಿಯಡ್ ಹೋಯಿತು. ತ್ರಿಕೋನಮಿತಿ ಯಾರು ಮುಗಿಸುತ್ತಾರೆ?

ಮಂಡ್ಯ ವಿಜ್ಞಾನ ಟೀಚರ್:
ಈಗ ಅಭ್ಯಾಸದ ಲೆಕ್ಕಗಳನ್ನೆಲ್ಲ ನೀವೇ ಬೋರ್ಡ್ ಮೇಲೆ ಮಾಡಿ ತೋರಿಸುವುದಿಲ್ಲವಾ? ಹತ್ತರಲ್ಲಿ ಆರನ್ನು ಅವರಿಗೆ ಬಿಡಿ. ಹೋದ ಪೀರಿಯಡ್ ಅಲ್ಲೇ ವಾಪಸ್ ಬಂತು.

ಗಣಿತದ ಮೇಷ್ಟ್ರು:
ಪೂರ್ತಿ ವಾಪಸ್ ಬರುವುದಿಲ್ಲ ಮೇಡಂ. ಅರ್ಧ ಬರಬಹುದು. ಆದರೂ ಮಾಡಿ ನೋಡುತ್ತೇನೆ.

ಸರಿ, ಇವತ್ತು ಸಂಜೆ ಹೊಸ ಹಾಳೆ ತೆಗೆದುಕೊಂಡು ಕೂತೆ. ಐದಲ್ಲ, ಮೂರು. ಮಂಗಳವಾರ ಗಣಿತ ಜೋಡಿ, ಗುರುವಾರ ವಿಜ್ಞಾನ ಜೋಡಿ, ಎರಡೂ ಮೂರು ಮತ್ತು ನಾಲ್ಕನೇ ಪೀರಿಯಡ್. ಉಳಿದಿದ್ದ ಒಂದು ಪೀರಿಯಡ್ ಬುಧವಾರ ಭಾಷೆಯವರಿಗೆ, ಅವರವರಲ್ಲಿ ವಾರಕ್ಕೊಬ್ಬರು. ಸಮಾಜದವರು ಕೇಳಿದರೆ ಏನು ಹೇಳುವುದೋ ಇನ್ನೂ ಯೋಚಿಸಿಲ್ಲ. ಆಂತರಿಕ ಅಂಕದ ಬರಹಕ್ಕೆ ಆ ಹೊತ್ತಿನಲ್ಲಿ ಪುಸ್ತಕ ತೆಗೆಯುವಂತಿಲ್ಲ. ಸೀಮೆಸುಣ್ಣ ಆಫೀಸಿನಲ್ಲಿ. ಗ್ರಂಥಾಲಯದ ಪೀರಿಯಡ್ ಹಾಗೇ ಇದೆ. ಅಲ್ಲಿರುವುದು ಒಂದು ಬೀರು, ಬೀಗದ ಕೈ ಯಾರ ಹತ್ತಿರ ಇದೆ ಅಂತ ಮೊದಲು ಹುಡುಕಬೇಕು.

ದಿನಾ ಒಂದು ಕೇಳಿದ ಎಚ್.ಎಂ.ಗೆ ವಾರಕ್ಕೆ ಮೂರು ಅಂತ ಹೇಳುವ ಧೈರ್ಯ ಸೋಮವಾರದೊಳಗೆ ಬರಬೇಕು. ಪಿಟಿ ಮೂರೂ ಉಳಿದಿವೆ ಸೀಟಿ ಸರ್.

ಸೀಟಿ ಸರ್:
ಎಚ್.ಎಂ. ಸಹಿ ಆದ ಹಾಳೆಯ ಫೋಟೋ ಹಾಕಿ. ಆಮೇಲೆ ನಂಬುತ್ತೇನೆ.