ಹಳೇ ಟ್ಯೂಬ್ (ವಾಲ್ವ್) ಬೇಸ್ ಗಿಟಾರ್ ಆಂಪ್: ಗುಂಯ್ ಸದ್ದು ನಿಲ್ತಿಲ್ಲ

ಪ್ರಶ್ನೆ (ಮೈಸೂರು): 1960ರ ದಶಕದ ಅಮೆರಿಕನ್ ಆಂಪ್, 117 ವೋಲ್ಟ್‌ದು, ಸ್ಟೆಪ್-ಡೌನ್ (ವೋಲ್ಟ್ ಇಳಿಸೋ ಟ್ರಾನ್ಸ್‌ಫಾರ್ಮರ್) ಮೇಲೆ ಓಡ್ತಿದೆ. ವಾಲ್ಯೂಮ್ ಸೊನ್ನೆಗಿಳಿಸಿದ್ರೂ ಗುಂಯ್ ಅನ್ನುತ್ತೆ. ಟ್ಯೂಬ್ ಬದಲಾಯಿಸಬೇಕಾ?

ಉತ್ತರ: ಈಗಲೇ ಟ್ಯೂಬ್‌ಗೆ ದುಡ್ಡು ಸುರಿಯಬೇಡಿ ಸರ್. ಮೊದಲ ಅನುಮಾನ ಫಿಲ್ಟರ್ ಕೆಪಾಸಿಟರ್ (ಕರೆಂಟಿನ ಏರಿಳಿತ ಸಮ ಮಾಡೋ ಭಾಗ) ಮೇಲೆ. ಅದರೊಳಗಿನ ಎಲೆಕ್ಟ್ರೋಲೈಟ್ ದ್ರವ ಒಣಗಿದ್ರೆ ನಮ್ಮ 50 ಹರ್ಟ್ಸ್ ಕರೆಂಟು 100 ಹರ್ಟ್ಸ್ ಗುಂಯ್ ಆಗಿ ಸ್ಪೀಕರ್‌ಗೆ ಬರುತ್ತೆ. ಅಷ್ಟೇ ಮೈಕ್ರೋಫ್ಯಾರಡ್ (ಕೆಪಾಸಿಟರ್ ಅಳತೆ), ಅಷ್ಟೇ ಅಥವಾ ಹೆಚ್ಚು ವೋಲ್ಟ್ ತಡೆಯೋದನ್ನ ಹಾಕಿ. ಪ್ಲಸ್, ಮೈನಸ್ ಅದಲುಬದಲಾದ್ರೆ ಸಿಡಿಯುತ್ತೆ.

ಉತ್ತರ: ದಯವಿಟ್ಟು ಹುಷಾರು! ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರ್‌ನಲ್ಲಿ 400 ವೋಲ್ಟ್ ಉಳಿದಿರಬಹುದು. 10 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್‌ನಿಂದ ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆ ಕಂಡ ಮೇಲೇ ಕೈ ಹಾಕಿ.

ಉತ್ತರ: ಸ್ಟೆಪ್-ಡೌನ್ ವೋಲ್ಟ್ ಇಳಿಸುತ್ತೆ, ಹರ್ಟ್ಸ್ ಬದಲಿಸಲ್ಲ. ಅಮೆರಿಕದ 60 ಹರ್ಟ್ಸ್‌ಗೆ ಮಾಡಿದ ಆಂಪ್‌ನ ಟ್ರಾನ್ಸ್‌ಫಾರ್ಮರ್ ನಮ್ಮ 50ರಲ್ಲಿ ಹೆಚ್ಚು ಬಿಸಿಯಾಗುತ್ತೆ. ಎರಡು ಪಿನ್ ಪ್ಲಗ್ ಇದ್ರೆ ಮೂರು ಪಿನ್ ಮಾಡಿಸಿ, ಷಾಸಿಗೆ (ಲೋಹದ ಚೌಕಟ್ಟಿಗೆ) ಅರ್ಥಿಂಗ್ ಕೊಡಿಸಿ.